ಕ್ಯಾನ್ ಗಟ್ಟಿ, ಜೊತೆಗೆ ಕೊಟ್ಟ ಹೋಸ್ ಮಾತ್ರ ಬೇಡ

ಟರ್ಬೊ ಪೆಟ್ರೋಲ್ ಕಾರಿಗೆ ಆಯಿಲ್ ಕ್ಯಾಚ್ ಕ್ಯಾನ್ (ಎಂಜಿನ್ ಒಳಗಿಂದ ಹೋಸಿನಲ್ಲಿ ಹೊರಬರುವ ಗಾಳಿಯಿಂದ ಆಯಿಲ್ ಆವಿಯನ್ನು ಹಿಡಿದಿಡುವ ಡಬ್ಬಿ) ಹಾಕಿದ ಮೂರನೇ ದಿನ, ಸಿಗ್ನಲ್‌ನಲ್ಲಿ ನಿಂತು ಹೊರಟಾಗ ಕನ್ನಡಿಯಲ್ಲಿ ನೀಲಿ ಹೊಗೆ ಕಂಡಿತು. ಎದೆ ಧಸಕ್ಕೆಂದಿತು. ಟರ್ಬೊ ಹೋಯಿತು ಅಂತಲೇ ಅಂದುಕೊಂಡೆ.

ಹೋಗಿರಲಿಲ್ಲ. ಟರ್ಬೊಗೆ ಆಯಿಲ್ ಹೋಗುವುದು ಪಂಪಿನ ಒತ್ತಡದಲ್ಲಿ. ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ವಾಪಸ್ ಇಳಿಯುವುದು ತನ್ನ ಭಾರಕ್ಕೆ. ಕ್ರ್ಯಾಂಕ್‌ಕೇಸಿನಲ್ಲಿ, ಅಂದರೆ ಎಂಜಿನ್ ಕೆಳಭಾಗದ ಪೆಟ್ಟಿಗೆಯಲ್ಲಿ, ಗಾಳಿ ಕಟ್ಟಿಕೊಂಡರೆ ಆ ದಾರಿಗೆ ಅಡ್ಡ ಬಿದ್ದಂತೆ. ಆಯಿಲ್ ಅಲ್ಲೇ ನಿಂತು, ಸೀಲ್ ದಾಟಿ ಎಕ್ಸಾಸ್ಟ್‌ಗೆ ಸೇರಿ ಉರಿಯುತ್ತದೆ. ಕಿಟ್‌ನ ಹೋಸ್ ಮೂಲ ಹೋಸಿಗಿಂತ ಸಪೂರ, ಸಾಲದ್ದಕ್ಕೆ ಬ್ಯಾಟರಿ ಪಕ್ಕದ ತಿರುವಿನಲ್ಲಿ ಮಡಚಿಕೊಂಡಿತ್ತು. ಐಡಲ್‌ನಲ್ಲಿ ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಸಡಿಲಿಸಿದರೆ ಬುಸ್ಸೆಂದು ಗಾಳಿ ಹೊರಬಂತು.

ಮೂಲ ಅಳತೆಯದೇ ಒಳವ್ಯಾಸವಿರುವ, ಆಯಿಲ್‌ಗೆ ಹಾಳಾಗದ ಹೋಸ್ ತಂದು, ಎಲ್ಲೂ ಜೋತು ಬೀಳದಂತೆ ಕಟ್ಟಿದೆ. ಪಿಸಿವಿ ವಾಲ್ವನ್ನು (ಕ್ರ್ಯಾಂಕ್‌ಕೇಸಿನ ಗಾಳಿಯನ್ನು ಹೊರಕ್ಕಷ್ಟೇ ಬಿಡುವ ವಾಲ್ವ್) ಮುಟ್ಟಲಿಲ್ಲ. ಅದನ್ನು ತೆಗೆದರೆ ಟರ್ಬೊ ಒತ್ತಿ ಕಳಿಸುವ ಬೂಸ್ಟ್ ಗಾಳಿ ನೇರ ಕ್ರ್ಯಾಂಕ್‌ಕೇಸಿಗೇ ನುಗ್ಗಬಹುದು. ಹೊಗೆ ಅಂದೇ ನಿಲ್ಲಲಿಲ್ಲ. ಎಕ್ಸಾಸ್ಟಿನಲ್ಲಿ ಮೊದಲೇ ಸೇರಿದ್ದ ಆಯಿಲ್ ಉರಿದು ಮುಗಿಯಲು ನಾಲ್ಕೈದು ದಿನ ಬೇಕಾಯಿತು. ಆ ದಿನಗಳಲ್ಲಿ ದಿನಾ ಬೆಳಿಗ್ಗೆ ಆಯಿಲ್ ಮಟ್ಟ ನೋಡುತ್ತಿದ್ದೆ.

ಇನ್ನು ಕ್ಯಾನ್ ವಿಷಯ. ಒಳಗಿನ ತಡೆತಟ್ಟೆ, ಜಾಲರಿ ಎರಡೂ ಚೆನ್ನಾಗಿವೆ, ಬೆಸುಗೆ ಅಚ್ಚುಕಟ್ಟು. ಕೆಳಗಿನ ಡ್ರೈನ್ ಕೊಳಾಯಿಯಂತೂ ನನಗೆ ತುಂಬಾ ಇಷ್ಟವಾಯಿತು, ಸ್ಪ್ಯಾನರ್ ಹಿಡಿಯುವ ಕೆಲಸವೇ ಇಲ್ಲ. ಮೊನ್ನೆ ತಿರುಗಿಸಿದಾಗ ನೀರು ಬೆರೆತ ಕಂದು ಆಯಿಲ್ ಅರ್ಧ ಲೋಟದಷ್ಟು ಬಂತು.