ಅವೆನ್ಯೂ ರಸ್ತೆಯಲ್ಲಿ ಕೊಂಡ ಬಾಲನ್ಯಾಯ ಕಾಯ್ದೆ: ಅಕ್ಷರ ಇರುವೆ ಗಾತ್ರ, ಉಪಯೋಗ ಜಾಸ್ತಿ

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲನಲ್ಲ. ಕಳೆದ ತಿಂಗಳು ಯಾವುದೋ ಮೊಬೈಲ್ ಕಳವಿನ ಗಲಾಟೆಯಲ್ಲಿ ಅಕ್ಕನ ಮಗನನ್ನು, ಅವನಿಗಿನ್ನೂ 16, ಗೆಳೆಯರ ಜೊತೆ ಠಾಣೆಗೆ ಕರೆದೊಯ್ದು ರಾತ್ರಿ ಹನ್ನೊಂದರವರೆಗೆ ಬೆಂಚಿನ ಮೇಲೆ ಕೂರಿಸಿದ್ದರು. ಕೇಸೇನೂ ಆಗಲಿಲ್ಲ, ಬಿಟ್ಟರು. ಆದರೆ ಅಲ್ಲಿ ಏನು ಕೇಳಬೇಕು ಅಂತಲೇ ನಮಗೆ ಗೊತ್ತಿರಲಿಲ್ಲ, ಅದು ನನ್ನನ್ನು ಕೊರೆಯುತ್ತಿತ್ತು. ಶನಿವಾರ ಅವೆನ್ಯೂ ರಸ್ತೆಗೆ ಹೋಗಿ 2015ರ ಬಾಲನ್ಯಾಯ ಕಾಯ್ದೆಯ ಕನ್ನಡ ಪ್ರತಿ ತಂದೆ.

ಬೈಯಬೇಕಾದ್ದು ಅನುವಾದವನ್ನು. ಅಪರಾಧದ ಆರೋಪ ಬಂದ ಮಗುವಿಗೆ 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು' ಅಂತೆ. ಸಾಲಿಗೊಂದು 'ಪರಂತು'. ಒಂದೊಂದು ವಾಕ್ಯ ಮುಗಿಯುವಷ್ಟರಲ್ಲಿ ಕಾಫಿ ಆರಿರುತ್ತದೆ.

ಆದರೂ ಹಿಡಿದು ಓದಿದೆ. 18 ತುಂಬದವರನ್ನು ಲಾಕಪ್ಪಿಗೆ ಹಾಕುವ ಹಾಗೇ ಇಲ್ಲ, ಹಿಡಿದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕೇಸು ನೋಡುವ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಇದು ಸೆಕ್ಷನ್ 10. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಸೆಕ್ಷನ್ 94: ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಕಾರ್ಡು, ಅದಿಲ್ಲದಿದ್ದರೆ ಪಾಲಿಕೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ.

ಮಕ್ಕಳ ಜಾಮೀನಿನ ಬಗ್ಗೆ ಇರುವ ಸೆಕ್ಷನ್ 12 ಓದುವಾಗ ನನಗೇ ನಾಚಿಕೆಯಾಯಿತು. 2024ರ ಮೇನಲ್ಲಿ ಪುಣೆಯಲ್ಲಿ 17ರ ಹುಡುಗ ಪೋರ್ಷೆ ಕಾರು ಗುದ್ದಿ ಇಬ್ಬರು ಸತ್ತರಲ್ಲ, ಆಗ ಮಂಡಳಿ 300 ಪದಗಳ ಪ್ರಬಂಧ ಬರೆಸಿ ಜಾಮೀನು ಕೊಟ್ಟಿತು ಅಂತ ನಾನೂ ಎಲ್ಲರ ಜೊತೆ ಕಿರುಚಿದ್ದೆ. ಜನ ರೊಚ್ಚಿಗೆದ್ದ ಮೇಲೆ ಅದೇ ಮಂಡಳಿ ಅವನನ್ನು ವೀಕ್ಷಣಾಲಯಕ್ಕೆ, ಅಂದರೆ ವಿಚಾರಣೆ ನಡೆಯುವಾಗ ಮಕ್ಕಳನ್ನು ಇರಿಸುವ ಜಾಗಕ್ಕೆ, ಕಳಿಸಿತು. ಜೂನ್ 25ರಂದು ಬಾಂಬೆ ಹೈಕೋರ್ಟ್ ಅದು ಕಾನೂನುಬಾಹಿರ ಅಂತ ಹೇಳಿ ಅವನನ್ನು ಸೋದರತ್ತೆಯ ವಶಕ್ಕೆ ಒಪ್ಪಿಸಿತು. ದುಡ್ಡಿದ್ದವರ ಕಡೆ ತೀರ್ಪು ಅಂದುಕೊಂಡಿದ್ದೆ. ಆದರೆ ಕೊಟ್ಟ ಜಾಮೀನನ್ನು ರದ್ದೇ ಮಾಡದೆ ಒಳಗಿಟ್ಟರೆ ಹೇಗೆ, ಅಲ್ವಾ? ಬೆಂಚಿನ ಮೇಲೆ ಕೂತಿದ್ದ ನಮ್ಮ ಹುಡುಗನಿಗೂ ಇರುವುದು ಇದೇ ಸೆಕ್ಷನ್ನು. ಸತ್ತವರ ಮನೆಯವರ ಸಂಕಟ ಇದರಿಂದ ಕಮ್ಮಿಯಾಗುವುದಿಲ್ಲ, ಅದು ಬೇರೆ ಮಾತು.

ಐದಕ್ಕೆ ಮೂರೂವರೆ ಸ್ಟಾರ್. ಪಿನ್ನು ಎರಡನೇ ದಿನವೇ ಕಿತ್ತು ಬಂತು, ದಾರ ಹಾಕಿ ಹೊಲಿದೆ. ಈಗ ಪುಸ್ತಕ ಅಕ್ಕನ ಮನೆಯಲ್ಲಿದೆ. ಸೆಕ್ಷನ್ 94ರ ಪುಟದಲ್ಲಿ ಮಗನ ಎಸ್ಸೆಸ್ಸೆಲ್ಸಿ ಕಾರ್ಡಿನ ಜೆರಾಕ್ಸ್ ಮಡಚಿಟ್ಟಿದ್ದಾಳೆ.