ಒಣಕಣ್ಣಿಗೆ ಐಪಿಎಲ್: ಬೆಳಕಿಗಿಂತ ಆಮೇಲಿನ ಹಿಂಡಾಟವೇ ಮುಖ್ಯ

ರೆಪ್ಪೆಯ ಎಣ್ಣೆಗ್ರಂಥಿ ಕಟ್ಟಿಕೊಂಡು ಕಣ್ಣು ಒಣಗುವವರಿಗೆ ಕೊಡುವ ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್, ಅಂದರೆ ತೀವ್ರ ಬೆಳಕನ್ನು ಮಿಂಚಿನಂತೆ ಚರ್ಮದ ಮೇಲೆ ಹಾಯಿಸುವ) ಚಿಕಿತ್ಸೆಗೆ ಐದರಲ್ಲಿ ಮೂರೂವರೆ ಸ್ಟಾರ್. ಒಂದೂವರೆ ಕಡಿಮೆಯಾದದ್ದು ಯಂತ್ರದ ದೋಷಕ್ಕಲ್ಲ, ಬೆಳಕಿನ ಶಾಟ್ ಹೊಡೆದ ಕೂಡಲೇ, ಗ್ರಂಥಿ ಹಿಂಡದೆ, ಚರ್ಮಕ್ಕೆ ಹಚ್ಚಿದ ಜೆಲ್ ಒರೆಸಿ ಮನೆಗೆ ಕಳಿಸಿಬಿಡುವ ಅಭ್ಯಾಸಕ್ಕೆ.

ಬೆಳಕು ರೆಪ್ಪೆಯಂಚಿನ ಕೆಂಪು ರಕ್ತನಾಳಗಳನ್ನು ಕುಗ್ಗಿಸಿ ಉರಿಯೂತ ಇಳಿಸುತ್ತದೆ. ಗ್ರಂಥಿಯೊಳಗೆ ಟೂತ್‌ಪೇಸ್ಟಿನಂತೆ ಗಟ್ಟಿಯಾಗಿ ಕೂತ ಎಣ್ಣೆಯನ್ನು ಮಾತ್ರ ಯಾರಾದರೂ ಹಿಂಡಿಯೇ ತೆಗೆಯಬೇಕು. ಮರಗಟ್ಟಿಸುವ ಹನಿ ಹಾಕಿ, ಚಪ್ಪಟೆ ತುದಿಯ ಚಿಮಟದಲ್ಲಿ ರೆಪ್ಪೆಯನ್ನು ಉದ್ದಕ್ಕೂ ಒತ್ತುತ್ತಾ ಬರುತ್ತಾರೆ. ಹನಿ ಹಾಕಿದರೂ ನೋಯುತ್ತದೆ, ಮೇಲಿನ ರೆಪ್ಪೆಯಂತೂ ಜಾಸ್ತಿ. ಮೊದಲು ದಪ್ಪನೆಯ ಬಿಳಿ ಎಳೆ ಬರುತ್ತಿದ್ದದ್ದು ಮುಂದಿನ ಸಿಟ್ಟಿಂಗ್‌ಗಳಲ್ಲಿ ತಿಳಿಯಾದರೆ ಚಿಕಿತ್ಸೆ ಹಿಡಿದಿದೆ ಅಂತ ಲೆಕ್ಕ. ಹಿಂಡುವವರು ಯಾರು, ಪ್ರತಿ ಸಲವೂ ಹಿಂಡುತ್ತಾರಾ ಅಂತ ಬುಕ್ ಮಾಡುವ ಮೊದಲೇ ಕೇಳಿ. ಗ್ರಂಥಿಗಳ ಚಿತ್ರವನ್ನೂ ತೆಗೆಸಿ. ಪೂರ್ತಿ ಸವೆದುಹೋದ ಗ್ರಂಥಿಯನ್ನು ಯಾವ ಬೆಳಕೂ ಮತ್ತೆ ಬೆಳೆಸುವುದಿಲ್ಲ.

ಚರ್ಮದ ಬಣ್ಣ ಇಲ್ಲಿ ಸಣ್ಣ ವಿಷಯವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿದ್ದಷ್ಟೂ ಚರ್ಮವೇ ಬೆಳಕನ್ನು ಹೀರಿ ಸುಡುತ್ತದೆ, ಕಲೆ ಉಳಿಯುತ್ತದೆ. ಕಂದು ಚರ್ಮಕ್ಕೆ ಶಕ್ತಿ ತಗ್ಗಿಸಲೇಬೇಕು, ತೀರಾ ಕಪ್ಪಾದರೆ ಐಪಿಎಲ್ ಬೇಡ. ಅಂಥವರು ಕೆಂಪು ಎಲ್‌ಇಡಿ ಮಾಸ್ಕ್ ಬಗ್ಗೆ ಕೇಳಬಹುದು. ಬಿಸಿಲಿಗೆ ಕಪ್ಪಾದಾಗ ಹೋಗಬಾರದು. ಜೆಲ್ ತೆಳುವಾದ ಜಾಗದಲ್ಲೇ ಚುರುಕ್ ಅನ್ನುವುದು. ಅಲ್ಲೇ ನಿಲ್ಲಿಸಿ ಮತ್ತೆ ಹಚ್ಚಿಸಿಕೊಳ್ಳಿ. ಇದೇ ಕಾಯಿಲೆಗೆ ಬರೆದುಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ. ಅದನ್ನು ತಗೊಳ್ಳುತ್ತಿದ್ದರೆ, ಯಾರೂ ಕೇಳದಿದ್ದರೂ ನೀವೇ ಹೇಳಿ.

ಇಷ್ಟೆಲ್ಲ ಗೊಣಗಿದರೂ, ಹಿಂಡುವುದೂ ಸೇರಿ ಎರಡರಿಂದ ನಾಲ್ಕು ವಾರದ ಅಂತರದಲ್ಲಿ ನಾಲ್ಕು ಸಿಟ್ಟಿಂಗ್ ಸರಿಯಾಗಿ ಮುಗಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ, ಫ್ಯಾನ್ ಗಾಳಿಗೆ ಕಣ್ಣು ಚುಚ್ಚುವುದಿಲ್ಲ, ಹನಿ ಬಾಟಲಿ ಜೇಬಿನಲ್ಲಿ ಮರೆತುಹೋಗುತ್ತದೆ.

ಮನೆಯಲ್ಲಿ ಮಾಡಬೇಕಾದ ರೆಪ್ಪೆಯ ಆರೈಕೆ ಮಾತ್ರ ತಪ್ಪದು, ಮಾಡುತ್ತಾ ಹೋದರೆ ಹಿತವಾಗಿಯೂ ಇರುತ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಎರಡೇ ನಿಮಿಷಕ್ಕೆ ತಣ್ಣಗಾಗುತ್ತದೆ. ಬಿಸಿ ಮಾಡಿ ಕಣ್ಣಿನ ಮೇಲಿಡುವ, ಮಣಿ ತುಂಬಿದ ಮಾಸ್ಕ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯನ್ನು ಹತ್ತು ನಿಮಿಷ ಹಿಡಿದಿಡುತ್ತದೆ. ಮೊದಲು ಮಣಿಕಟ್ಟಿಗೆ ಮುಟ್ಟಿಸಿ ನೋಡಿ. ತೆಗೆದ ತಕ್ಷಣ, ಎಣ್ಣೆ ಮತ್ತೆ ಗಟ್ಟಿಯಾಗುವ ಮೊದಲು, ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ, ಕೂದಲಿನ ಕಡೆಗೆ ಬೆರಳ ತುದಿಯಲ್ಲಿ ಸವರಬೇಕು. ಗುಡ್ಡೆಯ ಮೇಲೆ ಒತ್ತಡ ಬೀಳಬಾರದು. ಕೊನೆಗೆ ರೆಪ್ಪೆ ವೈಪ್‌ನಿಂದ ಕೂದಲಿನ ಬುಡ ಒರೆಸಿ. ಬುಡಕ್ಕೆ ಬಳೆಯ ಹಾಗೆ ಸುತ್ತಿಕೊಂಡ ಹೊಟ್ಟು ಕಂಡರೆ ಅದು ಡೆಮೊಡೆಕ್ಸ್ ಹುಳದ ಗುರುತು, ಅದಕ್ಕೆ ಬೇರೆ ಔಷಧಿ ಬೇಕು. ಶುದ್ಧ ಟೀ ಟ್ರೀ ಎಣ್ಣೆಯನ್ನು ಹಾಗೇ ಹಚ್ಚುವ ಸಾಹಸ ಬೇಡ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸುಡುತ್ತದೆ.

ಫಲ ಶಾಶ್ವತವಲ್ಲ. ಆರು ತಿಂಗಳಿಂದ ವರ್ಷದೊಳಗೆ ಇನ್ನೊಂದು ಸಿಟ್ಟಿಂಗ್ ಬೇಕಾಗಬಹುದು, ಆ ಖರ್ಚನ್ನೂ ಮೊದಲೇ ಸೇರಿಸಿ ಬಜೆಟ್ ಹಾಕಿ.