ಸ್ಲ್ಯಾಬಿನೊಳಗಿನ ಹಳೆಯ ಡಾಲರ್: ನಾಣ್ಯ ಗ್ರೇಡಿಂಗ್ ಸೇವೆಯ ವಿಮರ್ಶೆ

ಅಮೆರಿಕದ ಮೊದಮೊದಲ ಬೆಳ್ಳಿ ಡಾಲರ್‌ಗಳನ್ನು, ಅಂದರೆ 1794ರಿಂದ 1803ರವರೆಗಿನ ಇಸವಿಗಳುಳ್ಳ ನಾಣ್ಯಗಳನ್ನು ಕೊಳ್ಳಲು ಹೊರಟವರು ಪಿಸಿಜಿಎಸ್ ಮತ್ತು ಎನ್‌ಜಿಸಿ ಎಂಬ ಎರಡು ಗ್ರೇಡಿಂಗ್ ಸಂಸ್ಥೆಗಳ ಹೆಸರುಗಳನ್ನು ಕೇಳಿಯೇ ಇರುತ್ತಾರೆ. ಮೊದಲನೆಯದು 1986ರಲ್ಲಿ, ಎರಡನೆಯದು ಅದರ ಮರುವರ್ಷ ಆರಂಭವಾಯಿತು. ನಾಣ್ಯ ಅಸಲಿಯೇ ಎಂದು ಪರೀಕ್ಷಿಸಿ, ಅದರ ಸ್ಥಿತಿಗೆ 1ರಿಂದ 70ರೊಳಗಿನ ಒಂದು ಅಂಕ ಕೊಟ್ಟು, ಸ್ಲ್ಯಾಬ್ ಎಂದು ಕರೆಯುವ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿಟ್ಟು ಹಿಂದಿರುಗಿಸುವುದು ಇವುಗಳ ಕೆಲಸ. ಹಳೆಯ ಡಾಲರ್‌ಗಳ ಮಟ್ಟಿಗೆ ಇವು ಕೊಡುವ ಖಾತ್ರಿಗೆ ಹಣ ತೆರಬಹುದು, ಅಂಕವನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು ಎಂಬುದು ನನ್ನ ಅಭಿಪ್ರಾಯ.

ಖಾತ್ರಿ ಬೇಕೇ ಬೇಕು, ಏಕೆಂದರೆ ನಕಲಿಗಳ ಹಾವಳಿ ಅಷ್ಟಿದೆ. 1804ರ ಇಸವಿಯುಳ್ಳ ಡಾಲರನ್ನೇ ನೋಡಿ: ಸಯಾಮಿನ (ಇಂದಿನ ಥಾಯ್ಲೆಂಡಿನ) ದೊರೆಗೂ ಮಸ್ಕತ್ತಿನ ಸುಲ್ತಾನನಿಗೂ ಉಡುಗೊರೆ ಕಳುಹಿಸಬೇಕಾಗಿ ಬಂದಾಗ, 1834ರ ಸುಮಾರಿಗೆ, ಹಳೆಯ ಇಸವಿ ಹಾಕಿ ಅದನ್ನು ಟಂಕಿಸಲಾಯಿತು. ಸುಲ್ತಾನನ ಪಾಲಿನದೆಂದು ಹೆಸರಾದ ನಾಣ್ಯ 2021ರ ಹರಾಜಿನಲ್ಲಿ 76.8 ಲಕ್ಷ ಡಾಲರಿಗೆ ಮಾರಾಟವಾಯಿತು. ಇಂತಹ ಬೆಲೆಯಿರುವಾಗ ಬೇರೆ ಇಸವಿಯನ್ನು ತಿದ್ದಿ 1804 ಮಾಡುವ ಕೈಗಳಿಗೆ ಬರವಿರುವುದಿಲ್ಲ. ಅಸಲಿ ಡಾಲರಿನ ತೂಕ 1792ರ ಕಾಯಿದೆಯ ಪ್ರಕಾರ 416 ಗ್ರೇನ್, ಸುಮಾರು 26.96 ಗ್ರಾಂ; ನಮ್ಮ ಕಡೆಯ ವಿಕ್ಟೋರಿಯಾ ರಾಣಿ ರೂಪಾಯಿಯ ಎರಡರಷ್ಟಕ್ಕಿಂತಲೂ ಹೆಚ್ಚು. ಆದರೆ ತೂಕ ಸರಿಯಿರುವ ನಕಲಿಗಳೂ ಇವೆ, ನಕಲಿ ಸ್ಲ್ಯಾಬ್‌ಗಳೂ ಇವೆ. ಆದ್ದರಿಂದ ಲೇಬಲಿನ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಂದಿಗೆ ತಾಳೆ ನೋಡಿ, ಅಲ್ಲಿ ಛಾಯಾಚಿತ್ರವಿದ್ದರೆ ಕೈಯಲ್ಲಿರುವ ನಾಣ್ಯದ ಗೀರುಗಳನ್ನು ಅದಕ್ಕೆ ಹೋಲಿಸಿ ನೋಡುವುದು ಒಳ್ಳೆಯದು.

ಅಂಕದ ಮಾತು ಬೇರೆ. 1794ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಇಷ್ಟು ದೊಡ್ಡ ನಾಣ್ಯಕ್ಕೆ ತಕ್ಕ ಬಲದ ಯಂತ್ರವಿರಲಿಲ್ಲ. ಆ ವರ್ಷ ಹೊರಬಂದ 1,758 ಡಾಲರ್‌ಗಳಲ್ಲಿ ಉಳಿದವುಗಳ ಎಡಭಾಗದ ನಕ್ಷತ್ರಗಳು ಸಾಮಾನ್ಯವಾಗಿ ಮಸುಕಾಗಿರುತ್ತವೆ. ಅದು ಸವೆತವಲ್ಲ, ಅಚ್ಚು ಸರಿಯಾಗಿ ಬೀಳದ ಗುರುತು. ತೂಕ ಹೆಚ್ಚಾದ ಬಿಲ್ಲೆಗಳನ್ನು ಟಂಕಿಸುವ ಮುನ್ನವೇ ಅರದಿಂದ ಉಜ್ಜಿ ಸರಿಪಡಿಸುತ್ತಿದ್ದರು. ನಾನು ಪರಿಶೀಲಿಸಿದ 1799ರ ಡ್ರೇಪ್ಡ್ ಬಸ್ಟ್ (ಬಟ್ಟೆ ಹೊದ್ದ ಸ್ವಾತಂತ್ರ್ಯದೇವಿಯ ಎದೆಮಟ್ಟದ ಚಿತ್ರವುಳ್ಳ) ಡಾಲರೊಂದರಲ್ಲಿ ಹಿಂಬದಿಯ ಹದ್ದಿನ ಎದೆಯ ಗುರಾಣಿಯ ಮೇಲೆ ಓರೆಯಾಗಿ ಹಾದುಹೋದ ಸಮಾನಾಂತರ ಗೆರೆಗಳಿದ್ದವು. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಗಳ ಮೇಲೆಯೇ ವಿನ್ಯಾಸ ಮೂಡಿರುವುದು ಸ್ಪಷ್ಟವಾಗುತ್ತಿತ್ತು, ಗೆರೆಗಳ ಒಳಗೂ ಹೊರಗಿನಷ್ಟೇ ಬೂದು ಬಣ್ಣ ಕೂತಿತ್ತು; ಅಂದರೆ ಅವು ಟಂಕಸಾಲೆಯ ಅರದ ಗುರುತುಗಳೇ, ಆಮೇಲೆ ಬಿದ್ದ ಗೀರುಗಳಲ್ಲ. ಇವೆಲ್ಲವನ್ನೂ ಒಂದೇ ಅಂಕದಲ್ಲಿ ಅಡಗಿಸಲಾಗದು. ಒಂದೇ ಅಂಕ ಪಡೆದ ಎರಡು ನಾಣ್ಯಗಳಲ್ಲಿ ಒಂದು ಹಳೆಯ ಬಣ್ಣವನ್ನು ಉಳಿಸಿಕೊಂಡಿದ್ದು ಇನ್ನೊಂದು ಕಳೆಗುಂದಿದ್ದರೆ, ನಾನು ಮೊದಲನೆಯದಕ್ಕೆ ಹೆಚ್ಚು ಬೆಲೆ ಕೊಡಲು ಹಿಂಜರಿಯುವುದಿಲ್ಲ.

ಈ ಸೇವೆಯ ಬಗ್ಗೆ ನನ್ನ ದೊಡ್ಡ ತಕರಾರು ಅಂಚಿನದು. ಈ ಡಾಲರ್‌ಗಳ ಅಂಚಿನಲ್ಲಿ ‘ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್’ ಎಂಬ ಅಕ್ಷರಗಳೂ ನಡುನಡುವೆ ಚಿಕ್ಕ ಅಲಂಕಾರಗಳೂ ಇರುತ್ತವೆ, ನಕಲಿಯನ್ನು ಪತ್ತೆಹಚ್ಚಲು ಇವು ಬಹಳ ನೆರವಾಗುತ್ತವೆ. ಹಳೆಯ ಸ್ಲ್ಯಾಬ್‌ಗಳಲ್ಲಿ ಇದು ಪೂರ್ತಿ ಮರೆಯಾಗುತ್ತದೆ. ಈಚಿನ ಕೆಲವು ಕವಚಗಳಲ್ಲಿ ನಾಣ್ಯವನ್ನು ಚಿಕ್ಕ ಹಿಡಿಕೆಗಳಲ್ಲಿ ನಿಲ್ಲಿಸಿ ಅಂಚು ಕಾಣುವಂತೆ ಮಾಡಿರುವುದು ಸ್ವಾಗತಾರ್ಹ.

ತೊಳೆದು ಉಜ್ಜಿದ, ಕೊಂಡಿ ಬೆಸೆದು ತೆಗೆದ, ತೂತು ಮುಚ್ಚಿದ ನಾಣ್ಯಗಳಿಗೆ ಅಂಕ ದೊರೆಯುವುದಿಲ್ಲ. ‘ಡೀಟೇಲ್ಸ್’ ಎಂಬ ಪದದೊಡನೆ ದೋಷವನ್ನು ಚುಟುಕಾಗಿ ನಮೂದಿಸಲಾಗುತ್ತದೆ. ಇನ್ನೂರು ವರ್ಷ ಕಂಡ ಬೆಳ್ಳಿಯ ವಿಷಯದಲ್ಲಿ ಇದು ತುಸು ಕಟುವೆನಿಸಿದರೂ, ಸೀಮಿತ ಹಣವಿರುವವರು 1795ರ ಫ್ಲೋಯಿಂಗ್ ಹೇರ್ (ಕೂದಲು ಹರಡಿದ ಸ್ವಾತಂತ್ರ್ಯದೇವಿಯ ಚಿತ್ರವುಳ್ಳ) ಡಾಲರನ್ನು ಕೈಗೆಟುಕುವ ಬೆಲೆಗೆ ಕೊಳ್ಳಲು ಇದೇ ದಾರಿ. ಆದರೆ ಆ ವರ್ಷದ ಕೆಲವು ನಾಣ್ಯಗಳ ನಡುವೆ ಕಾಣುವ ಬೆಳ್ಳಿಯ ಬಿರಡೆಯನ್ನು ದುರಸ್ತಿಯೆಂದು ಭಾವಿಸಬಾರದು. ತೂಕ ಕಡಿಮೆಯಾದ ಬಿಲ್ಲೆಗೆ ಟಂಕಸಾಲೆಯವರೇ ಅದನ್ನು ಸೇರಿಸಿ, ಅದರ ಮೇಲೆ ಟಂಕಿಸಿದ್ದರು. ಲೇಬಲಿನ ಮೇಲೆ ‘ಸಿಲ್ವರ್ ಪ್ಲಗ್’ ಎಂದಿದ್ದರೆ ಬೆಲೆ ಇಳಿಯುವುದಿಲ್ಲ, ಏರುತ್ತದೆ.